ಸೂಪರ್‌ವೈಸರಣ್ಣನ ರಸಾಯನಶಾಸ್ತ್ರ

ಬೆಂಗಳೂರಿನ ಯಾವ ಕಚೇರಿ ಕಟ್ಟಡಕ್ಕೆ ಹೋದರೂ ಮೆಟ್ಟಿಲ ಕೆಳಗೊಂದು ಕಿಟಕಿಯಿಲ್ಲದ ಗೂಡು ಇರುತ್ತದೆ. ಅದರ ಚಕ್ರವರ್ತಿ ಹೌಸ್‌ಕೀಪಿಂಗ್ ಸೂಪರ್‌ವೈಸರಣ್ಣ. ಕಿವಿಯ ಮೇಲೆ ಪೆನ್ನು, ಮುಖದಲ್ಲಿ ಎಲ್ಲ ಬಲ್ಲವನ ಕಳೆ.

ಅವನ ಸಾಮ್ರಾಜ್ಯದಲ್ಲಿ ಯಾವ ವಸ್ತುವೂ ಬಂದ ಡಬ್ಬಿಯಲ್ಲಿ ಉಳಿಯುವುದಿಲ್ಲ. ಆ್ಯಸಿಡ್ ಮಿನರಲ್ ವಾಟರ್ ಬಾಟಲಿಗೆ, ಫಿನಾಯಿಲ್ ಜ್ಯೂಸ್ ಬಾಟಲಿಗೆ, ಬ್ಲೀಚಿಂಗ್ ಪೌಡರ್ ದೀಪಾವಳಿಯ ಸ್ವೀಟ್ ಡಬ್ಬಕ್ಕೆ. "ಲೇಬಲ್ ಯಾಕೆ ಸಾರ್? ಮೂಸಿದ್ರೆ ಗೊತ್ತಾಗಲ್ವಾ?" ಮೂಸಿ ಮೂಸಿ ಈಗವನಿಗೆ ಮಲ್ಲಿಗೆಯೂ ಫಿನಾಯಿಲೂ ಒಂದೇ.

ಒಂದಕ್ಕೆ ಹೋಗದ ಕಲೆ ಎರಡು ಬೆರೆಸಿದರೆ ಹೋಗುತ್ತದೆ ಎಂಬುದು ಅವನ ಸಿದ್ಧಾಂತ. ಬ್ಲೀಚಿಂಗಿಗೆ ಆ್ಯಸಿಡ್ ಬಿದ್ದರೆ ಏಳುವುದು ಕ್ಲೋರಿನ್ ಅನಿಲ. 1915ರಲ್ಲಿ ಬೆಲ್ಜಿಯಂನ ಈಪ್ರ ಬಳಿ ಜರ್ಮನ್ ಸೈನ್ಯ ಶತ್ರುಗಳ ಮೇಲೆ ಬಿಟ್ಟದ್ದು ಇದನ್ನೇ. ನಮ್ಮಣ್ಣ ಮೂರನೇ ಮಹಡಿಯ ಟಾಯ್ಲೆಟ್ಟಿನಲ್ಲಿ ಬಿಡುತ್ತಾನೆ. ಯಾರಾದರೂ ಕೆಮ್ಮಿದರೆ, "ಕ್ರಿಮಿ ಸಾಯ್ತಾ ಇದೆ ಸಾರ್!"

ಗ್ಲೌಸು, ಕನ್ನಡಕ ಇಲ್ಲವೆಂದಲ್ಲ. ಕವರ್ ಬಿಚ್ಚದೆ ಬೀರುವಿನಲ್ಲಿ ಭದ್ರವಾಗಿವೆ, ಆಡಿಟ್ ದಿನಕ್ಕೆ. ತಯಾರಕರು ಕಳಿಸುವ 16 ವಿಭಾಗಗಳ ಸುರಕ್ಷತಾ ಪತ್ರವೂ ನಿತ್ಯ ಬಳಕೆಯಲ್ಲಿದೆ: ಬೋಂಡಾದ ಎಣ್ಣೆ ಇಳಿಯುವುದು ಅದರ ಮೇಲೇ.

"ಅಣ್ಣಾ, ನೀರಿಗೆ ಆ್ಯಸಿಡ್ ಹಾಕ್ಬೇಕು. ಆ್ಯಸಿಡ್‌ಗೆ ನೀರು ಹಾಕಿದ್ರೆ ಮುಖಕ್ಕೆ ಸಿಡಿಯುತ್ತೆ" ಎಂದಳು ನೆಲ ಒರೆಸುವ ಅಕ್ಕ.

"ಎಲ್ಲೀವರೆಗೆ ಓದಿದ್ದೀಯಮ್ಮ?"

"ಓದಿಲ್ಲಣ್ಣ, ಸುಟ್ಕೊಂಡಿದ್ದೀನಿ."

ಒಮ್ಮೆ ಬಾಯಾರಿದ ಆಡಿಟರ್ ಸಾಹೇಬರು ಕಪಾಟಿನ ಮಿನರಲ್ ವಾಟರಿಗೆ ಕೈ ಹಾಕಿದರು. ಅಣ್ಣ ಹಾರಿ ಕಸಿದುಕೊಂಡ. ಅಂದು ಸಂಜೆಯೇ ಅವನು ಜ್ಞಾನೋದಯವಾಗಿ ಬಾಟಲಿಗೊಂದು ಲೇಬಲ್ ಅಂಟಿಸಿದ: 'ನೀರಲ್ಲ'. ಏನೆಂಬುದನ್ನು ಬರೆಯಲು ಜಾಗ ಸಾಲಲಿಲ್ಲವಂತೆ.

ಹಾಗಾಗಿ ಓದುಗರೇ, ನಿಮ್ಮ ಕಚೇರಿಯ ಗೂಡನ್ನೂ ಒಮ್ಮೆ ತೆಗೆಸಿ ನೋಡಿ. ಪ್ರತಿಯೊಂದೂ ಅದರದರ ಡಬ್ಬಿಯಲ್ಲೇ ಇರಲಿ. ಆ್ಯಸಿಡ್, ಬ್ಲೀಚಿಂಗ್ ಒಂದೇ ಕಪಾಟಿನಲ್ಲಿ ಸಂಸಾರ ಹೂಡದಿರಲಿ, ಗಾಳಿಯಾಡಲಿ. ಮೈಗೆ, ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಬೇಕೆಂಬುದು ಎಲ್ಲರಿಗೂ ಗೊತ್ತಿರಲಿ. ಮುಖ್ಯವಾಗಿ, ಬೀರುವಿನ ಗ್ಲೌಸನ್ನು ಆ ಅಕ್ಕನಿಗೆ ಕೊಡಿಸಿ. ಆಡಿಟಿಗೆ ತೋರಿಸಲು ಖಾಲಿ ಕವರ್ ಸಾಕು.