ಪ್ರೊಸೆಸರಧಿಕರಣಂ

ಮೀಮಾಂಸಕರ ಲೆಕ್ಕದಲ್ಲಿ ಒಂದು ಅಧಿಕರಣಕ್ಕೆ, ಅಂದರೆ ಒಂದು ವಿಚಾರದ ಚರ್ಚೆಗೆ, ಐದು ಅಂಗ: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಇಂಥ ಅಧಿಕರಣಗಳನ್ನೇ ಪೋಣಿಸಿ ‘ಜೈಮಿನೀಯ ನ್ಯಾಯಮಾಲಾ’ ಬರೆದ ಮಾಧವಾಚಾರ್ಯರೇ ವಿದ್ಯಾರಣ್ಯರೋ, ಅವರು ಬೇರೆ ಇವರು ಬೇರೆಯೋ ಎಂಬ ವ್ಯಾಜ್ಯ ಪಂಡಿತರಲ್ಲಿ ಇನ್ನೂ ಬಗೆಹರಿದಿಲ್ಲ. ವಿದ್ಯಾರಣ್ಯಪುರಂ ಬಡಾವಣೆಯ ನಮ್ಮ ನಡುಮನೆಯಲ್ಲಿ ಅಷ್ಟೇ ಗಹನವಾದ ಇನ್ನೊಂದು ವ್ಯಾಜ್ಯ ಎದ್ದಿರುವುದರಿಂದ ಈ ಗ್ರಂಥಾರಂಭ.

ವಿಷಯ, ಮಗನ ಗೇಮಿಂಗ್ ಕಂಪ್ಯೂಟರ್. ಅದರೊಳಗಿರುವುದು 2014ರ ಇಂಟೆಲ್ ಐ5-4460. ನಾಲ್ಕು ಕೋರ್, ನಾಲ್ಕೇ ಥ್ರೆಡ್. ‘ಕೌಂಟರ್-ಸ್ಟ್ರೈಕ್ 2’ ಆಡುವಾಗ ಎದುರಾಳಿ ಗೋಡೆ ಮರೆಯಿಂದ ಹೊರಬರುವ ಹೊತ್ತಿಗೆ ಸರಿಯಾಗಿ ಪರದೆ ತಡವರಿಸುತ್ತದೆ, ಮಗ ಸಾಯುತ್ತಾನೆ. ಇದು ಪ್ರೊಸೆಸರಿನ ಮುಪ್ಪೋ, ಮಗನ ಕೈಗುಣವೋ ಎಂಬುದು ಸಂಶಯ.

ಪೂರ್ವಪಕ್ಷ ಅವನದೇ: “ಅಪ್ಪ, ಐ7-4790 ಹಾಕ್ಸಿದ್ರೆ ಸಾಕು. ಅದೇ ಸಾಕೆಟ್ಟು, ಎಂಟು ಥ್ರೆಡ್ಡು. ಸೆಕೆಂಡ್ ಹ್ಯಾಂಡ್ ಸಿಗುತ್ತೆ.”

ವಾದ ಗಟ್ಟಿಯಾಗಿದೆ, ಒಪ್ಪಬೇಕು. ಮದರ್‌ಬೋರ್ಡಿನಲ್ಲಿ 1150 ಸೂಜಿಗಳ ಶರಶಯ್ಯೆಯ ಮೇಲೆ ನಮ್ಮ ಪ್ರೊಸೆಸರ್ ಭೀಷ್ಮನಂತೆ ಮಲಗಿದೆ. ಅಲ್ಲಿ ಐ7-4790 ಕೂಡ ಮಲಗಬಲ್ಲದು. ಅದಕ್ಕಿಂತ ಹೊಸದು ಬೇಕೆಂದರೆ? 2015ರಲ್ಲಿ ಕಂಪನಿ ಒಂದೇ ಒಂದು ಸೂಜಿ ಸೇರಿಸಿ 1151 ಮಾಡಿತು. ಆ ಒಂದು ಸೂಜಿಗಾಗಿ ಬೋರ್ಡು, ಬೋರ್ಡಿಗಾಗಿ ಡಿಡಿಆರ್4 ರ‍್ಯಾಮು, ಇಷ್ಟೆಲ್ಲ ಆದಮೇಲೆ ಹಳೇ ಪವರ್ ಸಪ್ಲೈ ಯಾಕೆ ಎಂಬ ಪ್ರಶ್ನೆ. ಕೌಪೀನವನ್ನು ಇಲಿಯಿಂದ ಕಾಯಲು ಬೆಕ್ಕು, ಬೆಕ್ಕಿನ ಹಾಲಿಗೆ ಹಸು ಸಾಕಿದ ಸನ್ಯಾಸಿ ಕೊನೆಗೆ ಸಂಸಾರಿಯಾದ ಕತೆಯೇ ಇದು.

ವಂಶಶುದ್ಧಿಯ ತೊಡಕು ಬೇರೆ. ಧರ್ಮಶಾಸ್ತ್ರದ ಸಪಿಂಡತ್ವ ಏಳು ತಲೆಮಾರಿಗೆ ನಿಲ್ಲುತ್ತದೆ. ವಿಂಡೋಸ್ 11 ಬಹುಮಟ್ಟಿಗೆ ಇಂಟೆಲ್ ಕುಲದ ಎಂಟನೆಯ ತಲೆಮಾರಿನಿಂದೀಚೆಯವರನ್ನಷ್ಟೇ ಒಳಗೆ ಕರೆಯುತ್ತದೆ. ನಮ್ಮ ಐ5 ನಾಲ್ಕನೆಯ ತಲೆಮಾರು, ಮಗ ಕೇಳುವ ಐ7 ಅದರ ದಾಯಾದಿ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಬೆಂಬಲ ನಿಂತಾಗ ಇಬ್ಬರಿಗೂ ಒಂದೇ ಸೂತಕ.

ಸಿದ್ಧಾಂತಕ್ಕೆ ವಿದ್ಯಾರಣ್ಯರ ‘ಪಂಚದಶಿ’ಯೇ ಒದಗಿತು. ಮಾಯೆಗೆ ಎರಡು ಶಕ್ತಿ: ಇದ್ದದ್ದನ್ನು ಮುಚ್ಚುವ ಆವರಣ, ಇಲ್ಲದ್ದನ್ನು ತೋರುವ ವಿಕ್ಷೇಪ. ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದೆ. ಆವರಣ ಕಣ್ಣಾರೆ ಕಂಡಿತು! ಕಂಪ್ಯೂಟರ್ ಇರುವುದು ದೇವರ ಗೂಡಿನ ಕೆಳಗೆ. ವರ್ಷಗಟ್ಟಲೆ ಊದುಬತ್ತಿಯ ಹೊಗೆ ಕುಡಿದ ಧೂಳು ಹೀಟ್‌ಸಿಂಕಿಗೆ ಕಂಬಳಿ ಹೊದಿಸಿತ್ತು. ಥರ್ಮಲ್ ಪೇಸ್ಟು ಒಣಗಿ ವಿಭೂತಿಯಾಗಿತ್ತು. ಸಾಲದ್ದಕ್ಕೆ, ಬಡಾವಣೆ ಪಕ್ಕದ ಸೂಯೇಜ್ ಫಾರಂ ಕಡೆಯಿಂದ ಗಾಳಿ ಬೀಸಿದ ಸಂಜೆ ನಾವು ಕಿಟಕಿ ತೆಗೆಯುವುದಿಲ್ಲ, ಮಗ ಆಡುವುದೂ ಸಂಜೆಯೇ. ಬಿಸಿ ನೂರು ಡಿಗ್ರಿ ಮುಟ್ಟಿದರೆ ಪ್ರೊಸೆಸರ್ ಜೀವ ಉಳಿಸಿಕೊಳ್ಳಲು ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ. ಪರದೆಯ ತಡವರಿಕೆ ಅದರ ವಿಕ್ಷೇಪ.

ಗೋಡೆಗೆ ಬಣ್ಣ ಹೊಡೆದಾಗ ಮಿಕ್ಕಿದ್ದ ಬ್ರಷ್ಷು, ಹೊಸದೊಂದು ಟ್ಯೂಬ್ ಪೇಸ್ಟು, ಒಂದು ಭಾನುವಾರ. ಆ ಸಂಜೆ ಎದುರಾಳಿ ಗೋಡೆ ಮರೆಯಿಂದ ಬಂದ, ಪರದೆ ತಡವರಿಸಲಿಲ್ಲ, ಮಗ ಬದುಕಿದ.

ಉಳಿದದ್ದು ಐದನೆಯ ಅಂಗ. ಸಂಗತಿ ಎಂದರೆ ಒಂದು ಅಧಿಕರಣಕ್ಕೂ ಇನ್ನೊಂದಕ್ಕೂ ಇರುವ ಕೊಂಡಿ. ಅದನ್ನು ಮಗನೇ ಒದಗಿಸಿದ:

“ಅಪ್ಪ, ಧೂಳು ಹೊಡೆದಿದ್ದಕ್ಕೇ ಇಷ್ಟು ಓಡುತ್ತೆ ಅಂದ್ರೆ, ಐ7 ಹಾಕ್ಸಿದ್ರೆ?”