ಫೋಟೋಕ್ಕ ಯಾವ ಬಣ್ಣ?

ಕುಷ್ಟಗಿಯ ಒಂದು ಮನೆ. ಭಾನುವಾರ ಇಟಗಿ ಮಹಾದೇವ ಗುಡಿಯ ಮುಂದೆ ಕುಟುಂಬದ ಫೋಟೋ. ಗುಡಿ ಕಟ್ಟಿದ್ದು 1112ರಲ್ಲಿ. ಬಟ್ಟೆ ಮಾತ್ರ ಇನ್ನೂ ನಿಕ್ಕಿಯಾಗಿಲ್ಲ.

ಸೊಸಿ: ಅತ್ತಿ, ಎಲ್ಲಾರೂ ಬಿಸ್ಕೀಟ್ ಬಣ್ಣ ಹಾಕ್ಕೋಬೇಕಂತ್ರಿ. ಫೋಟೋದವ್ರು ಹೇಳ್ಯಾರ.

ಅತ್ತಿ: ಬಿಸ್ಕೀಟು ಚಾದಾಗ ಅದ್ದಾಕ, ಉಟಗೊಳ್ಳಾಕಲ್ಲ. ಇಳಕಲ್ ಮಗ್ಗಲದಾಗ ಇರೂಮುಂದ ಆ ಮಬ್ಬ ಬಣ್ಣ ನಾ ಯಾಕ ಉಡ್ಲಿ? ಟೋಪ್ ತೆನಿ ಸೆರಗು, ಗುಳೇದಗುಡ್ಡ ಖಣದ ಕುಪ್ಪಸ. ಮುಗೀತು.

ಸೊಸಿ: ಕೆಂಪ ಸೆರಗು ಕಣ್ಣಿಗೆ ಹೊಡಿತೈತಂತ್ರಿ.

ಅತ್ತಿ: ಹೊಡೀಲಿ ಅಂತನ ನೇಕಾರ ಎಳಿ ಎಳಿಗೆ ಕೊಂಡಿ ಹಾಕಿ, ಹತ್ತಿ ಒಡಲಿಗೆ ರೇಷ್ಮಿ ಸೆರಗು ಜೋಡಿಸ್ಯಾನ.

ಮಗ: ನನಗ ಕರೇ ಅಂಗಿ. ಹೊಟ್ಟಿ ಕಾಣಂಗಿಲ್ಲ.

ಮಾವ: ನನಗ ಬಿಳಿ ಧೋತ್ರ. ಗವಿಮಠದ ಜಾತ್ರಿಗೂ ಅದ, ಓಟ್ ಹಾಕಾಕೂ ಅದ.

ಮಗಳು (ಗಂಗಾವತಿಯಿಂದ ಫೋನಿನಲ್ಲಿ): ಅವ್ವಾ, ಹಂಗಾರ ಎಲ್ಲಾರೂ ಬಿಳೀನ ಹಾಕ್ಕೊಳ್ಳೂಣು.

ಅತ್ತಿ: ಆ ಫೋಟೋ ನೋಡಿ ಯಲಬುರ್ಗಿ ಬೀಗರು 'ಯಾವಾಗ ಹೋದ್ರು?' ಅಂತ ಬುತ್ತಿ ಕಟಗೊಂಡು ಬರ್ತಾರ!

(ಹಿಂದೆ ಈ ರಗಳೆಯೇ ಇರಲಿಲ್ಲ. ಸ್ಟುಡಿಯೋದವನ ಹತ್ತಿರವೇ ಒಂದು ಕೋಟು, ಒಂದು ಬಾಚಣಿಗೆ, ಒಂದು ಪೌಡರ್ ಡಬ್ಬಿ ಇರುತ್ತಿದ್ದವು. ಊರ ಗಂಡಸರೆಲ್ಲ ಆ ಒಂದೇ ಕೋಟಿನಲ್ಲಿ ಸಾಹೇಬರಾಗುತ್ತಿದ್ದರು.)

ಫೋಟೋದವ: ಏನರ ಹಾಕ್ಕೊಂಡು ಬರ್ರಿ. ಕಂಪ್ಯೂಟರಿನ್ಯಾಗ ಬಣ್ಣ ಬದಲಿ ಮಾಡ್ತೀನಿ.

ಅತ್ತಿ: ನನ್ನ ಸೆರಗಿಗೆ ಕೈ ಹಚ್ಚಿದ್ರ ರೊಕ್ಕ ಕೊಡಂಗಿಲ್ಲ ನೋಡಪಾ.

ಫೋಟೋ ಬಂತು. ಬಿಸ್ಕೀಟ್ ಬಣ್ಣದಲ್ಲಿ ನಿಂತವಳು ಸೊಸೆ ಒಬ್ಬಳೇ. ನೋಡಿದವರೆಲ್ಲ ಕೇಳಿದ್ದು ಅತ್ತೆಯ ಸೀರೆಯ ರೇಟು.