ಫ್ರಾಂಕ್‌ಫರ್ಟಿನಲ್ಲಿ ಡಾಲ್ಬಿ ಹಚ್ಚಿದ್ದು

ಜರ್ಮನಿಯಲ್ಲಿ ಆನ್‌ಲೈನ್ ಅಂಗಡಿಯಿಂದ ತರಿಸಿದ ಸಾಮಾನನ್ನು 14 ದಿನಗಳೊಳಗೆ ಕಾರಣ ಹೇಳದೆ ಮರಳಿಸಬಹುದು. ಐರೋಪ್ಯ ಒಕ್ಕೂಟದ ಕಾನೂನೇ ಗ್ರಾಹಕನಿಗೆ ಆ ಹಕ್ಕು ಕೊಟ್ಟಿದೆ. ಊರಿನಿಂದ ಬಂದ ಹಿರಿಯರ ವಿಷಯದಲ್ಲಿ ಇಂಥ ಸೌಕರ್ಯವಿಲ್ಲ. ಷೆಂಗೆನ್ ವೀಸಾ ಅವರಿಗೆ 180 ದಿನಗಳಲ್ಲಿ 90 ದಿನ ಇರಲು ಅವಕಾಶ ಕೊಡುತ್ತದೆ, ಅವರು 90 ದಿನವೂ ಇರುತ್ತಾರೆ. ಹೊರನಾಡಿನ ಕನ್ನಡ ಮನೆಯಲ್ಲಿ ಸ್ಪೀಕರ್ ಖರೀದಿ ಎಂಬುದು ಈ ಎರಡು ಗಡುವುಗಳ ನಡುವೆ ನಡೆಯುವ ವ್ಯವಹಾರ.

ಫ್ರಾಂಕ್‌ಫರ್ಟಿನ ಒಂದು ಬಾಡಿಗೆ ಫ್ಲ್ಯಾಟು, ಅದರಲ್ಲೊಂದು ಕುಟುಂಬ ಎಂದು ಇಟ್ಟುಕೊಳ್ಳೋಣ. ಹೆಸರು ಬೇಡ, ತಾಲೂಕು ಸಾಕು. ಮಗ, ಅವನಪ್ಪ ಬೈಲಹೊಂಗಲದವರು. ಅವ್ವನ ತವರು ಕಿತ್ತೂರು. ಸೊಸೆ ಸವದತ್ತಿಯವಳು. ಅವಳನ್ನು ಹೆತ್ತವಳು ರಾಮದುರ್ಗದ ನೇಕಾರರ ಓಣಿಯಲ್ಲಿ, ಮಗ್ಗದ ಖಟಪಟದ ನಡುವೆ ಬೆಳೆದವಳು. ಹೀಗಾಗಿ ಆಕೆಗೆ ಪಿಸುಮಾತು ಗೊತ್ತಿಲ್ಲ. ಬೆಳಗಾವಿ ಜಿಲ್ಲೆಯ ನಾಲ್ಕು ತಾಲೂಕುಗಳು ಮೂರು ಜನರ ಸೋಫಾದ ಮೇಲೆ ಕೂತು ಕನ್ನಡ ಸಿನಿಮಾ ನೋಡಬೇಕು. ಟಿವಿ ದೊಡ್ಡದಿದೆ. ಸಪ್ಪಳ ಸಣ್ಣದಿದೆ. ಈಗಿನ ಟಿವಿಗಳು ಅಷ್ಟು ತೆಳ್ಳಗಾಗಿರುವಾಗ ಒಳಗಿನ ಸ್ಪೀಕರಿಗೆ ಉಸಿರಾಡಲು ಜಾಗ ಎಲ್ಲಿಂದ ಬರಬೇಕು?

ಮಗನ ಲೆಕ್ಕ ಸರಳವಾಗಿತ್ತು. ಮನೆ ಬಾಡಿಗೆಯದು, ಗೋಡೆಗೆ ತೂತು ಹೊಡೆದರೆ ಬಿಡುವಾಗ ಮುಚ್ಚಿಕೊಡಬೇಕು. ನೌಕರಿ ಇವತ್ತು ಇಲ್ಲಿ, ನಾಳೆ ಮ್ಯೂನಿಕ್‌ನಲ್ಲಿ. ವೈರು ಎಳೆದರೆ ಮೊಮ್ಮಗ ಅದನ್ನು ಹಿಡಿದು ಜಗ್ಗುತ್ತಾನೆ. ಆದ್ದರಿಂದ ಮೊಳೆಯಿಲ್ಲದ, ವೈರಿಲ್ಲದ, ಕೈಯಲ್ಲಿ ಹಿಡಿದು ಹೋಗುವಂಥ ಸ್ಪೀಕರ್ ನಾಲ್ಕು ತಂದು ನಾಲ್ಕು ಮೂಲೆಗೆ ಇಟ್ಟರಾಯಿತು: ಶನಿವಾರ ಅವು ಥಿಯೇಟರು, ಭಾನುವಾರ ಮೈನ್ ನದಿಯ ದಂಡೆಗೆ ಪಿಕ್‌ನಿಕ್ಕು, ರಾಜ್ಯೋತ್ಸವಕ್ಕೆ ರೈನ್-ಮೈನ್ ಕನ್ನಡ ಸಂಘದವರು ಕೇಳಿದರೆ ಅಲ್ಲಿಗೂ ಒಯ್ಯಬಹುದು. ಕಾಗದದ ಮೇಲೆ ಈ ಯೋಜನೆಗೆ ಯಾರೂ ಹೆಸರಿಡುವಂತಿರಲಿಲ್ಲ.

ಊಟದ ಹೊತ್ತಿನಲ್ಲಿ ಮಗ ‘ಮನೆಗೆ ಡಾಲ್ಬಿ ತರತೇನಿ’ ಎಂದ. ಅಪ್ಪನ ಕೈಯ ರೊಟ್ಟಿ ಅಲ್ಲೇ ನಿಂತಿತು.

‘ಡಾಲ್ಬಿ? ಮನ್ಯಾಗ? ಪೊಲೀಸರು ಬಿಡ್ತಾರೇನಪಾ? ನಮ್ಮಲ್ಲೇ ಬಂದ್ ಮಾಡ್ಯಾರ!’

ಬೆಳಗಾವಿ, ಕೊಲ್ಹಾಪುರದ ಕಡೆ ಡಾಲ್ಬಿ ಎಂದರೆ ಗಣಪತಿ ಕಳಿಸುವ ದಿನ ಟ್ರ್ಯಾಕ್ಟರ್ ಮೇಲೆ ಮಾಳಿಗೆಯೆತ್ತರ ಪೇರಿಸಿದ ಸ್ಪೀಕರುಗಳ ಗೋಡೆ. ಅದು ಬಂದರೆ ಕಿಟಕಿಯ ಗಾಜು ಮೊದಲು ಕೇಳಿಸಿಕೊಳ್ಳುತ್ತದೆ, ಕಿವಿ ಆಮೇಲೆ. ಆ ಹೆಸರಿನ ನಿಜವಾದ ಒಡೆಯ ರೇ ಡಾಲ್ಬಿ 1963ರಿಂದ 1965ರವರೆಗೆ ವಿಶ್ವಸಂಸ್ಥೆಯ ಸಲಹೆಗಾರನಾಗಿ ಭಾರತದಲ್ಲೇ ಇದ್ದ ಅಮೆರಿಕನ್. 1965ರಲ್ಲಿ ಲಂಡನ್ನಿನಲ್ಲಿ ಕಂಪನಿ ತೆರೆದು ಅವನು ಮೊದಲು ಹೆಸರು ಮಾಡಿದ್ದು ಧ್ವನಿಮುದ್ರಣದ ಟೇಪಿನಲ್ಲಿ ಬರುವ ‘ಸುಯ್’ ಎಂಬ ಗದ್ದಲವನ್ನು ತಗ್ಗಿಸುವ ಯಂತ್ರದಿಂದ. ಗದ್ದಲ ಕಡಿಮೆ ಮಾಡಿ ಬದುಕಿದವನ ಹೆಸರನ್ನು ಟ್ರ್ಯಾಕ್ಟರ್ ಮೇಲೆ ಏರಿಸಿದ ಕೀರ್ತಿ ನಮ್ಮ ಸೀಮೆಯದು.

ಪೊಲೀಸರ ಪ್ರಶ್ನೆ ಮಾತ್ರ ತಮಾಷೆಯದಲ್ಲ. ಭಾರತದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಜರ್ಮನಿಯ ರಾತ್ರಿಯ ಶಾಂತಿಯೂ ಸಾಮಾನ್ಯವಾಗಿ 10ರಿಂದ 6ರವರೆಗೇ. ಗಡಿಯಾರ ಎರಡೂ ಕಡೆ ಒಂದೇ. ಆದರೆ ನಮ್ಮಲ್ಲಿ ಹಬ್ಬ ಹುಣ್ಣಿಮೆಗೆಂದು ವರ್ಷಕ್ಕೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಲು ಸರಕಾರಕ್ಕೆ ಅವಕಾಶವಿದೆ. ಜರ್ಮನಿಯಲ್ಲಿ ತದ್ವಿರುದ್ಧ: ಭಾನುವಾರ ಇಡೀ ದಿನವೂ ಶಾಂತಿ ಕಾಯಬೇಕು, ಮನೆಯ ಸಂಗೀತ ಆ ಕೋಣೆಯ ಗೋಡೆ ದಾಟಬಾರದು. ಕೆಳಗಿನ ಮನೆಯ ಅಜ್ಜಿ ಪೊಲೀಸರಿಗಿಂತ ಚುರುಕು. ಭಾನುವಾರ ಗೋಡೆಗೆ ಡ್ರಿಲ್ ಇಟ್ಟವರನ್ನು ಆಕೆ ಇನ್ನೂ ಕ್ಷಮಿಸಿಲ್ಲ.

ಮೊದಲ ಕಂತಿನಲ್ಲಿ ಜೆಬಿಎಲ್ ಫ್ಲಿಪ್ 6 ಬಂತು. 30 ವಾಟ್, ಸುಮಾರು ಅರ್ಧ ಕಿಲೋ, ನೀರಲ್ಲಿ ಬಿದ್ದರೂ ಜಗ್ಗದು, ಬ್ಯಾಟರಿ 12 ಗಂಟೆ ಬಾಳುತ್ತದೆಂದು ಕಂಪನಿಯ ಮಾತು. ಟಿವಿಗೆ ಬ್ಲೂಟೂತಿನಲ್ಲಿ ಜೋಡಿಸಿ ‘ಕಾಂತಾರ’ ಹಾಕಿದರು. 2022ರ ಆ ಸಿನಿಮಾವನ್ನು ಕಿವಿಯಿಂದ ನೋಡಿದವರೇ ಹೆಚ್ಚು. ರಿಷಬ್ ಶೆಟ್ಟಿಯ ಆ ಕೂಗು ಗೊತ್ತಿಲ್ಲದ ಕನ್ನಡಿಗ ಫ್ರಾಂಕ್‌ಫರ್ಟಿನಲ್ಲೂ ಸಿಗಲಾರ. ಪರದೆಯ ಮೇಲೆ ಬಾಯಿ ತೆರೆಯಿತು. ಸೋಫಾ ಉಸಿರು ಹಿಡಿಯಿತು. ಕೂಗು ಸ್ವಲ್ಪ ತಡೆದು ಬಂತು.

‘ಹಿಂದ ಕುಂತಂಗ ಆತಲ್ಲೋ’ ಎಂದ ಅಪ್ಪ.

ಎಂಜಿನಿಯರ್ ಮಗ ನಕ್ಕ. ನಗಬಾರದಿತ್ತು, ಅಪ್ಪ ಹೇಳಿದ್ದು ಶುದ್ಧ ಭೌತಶಾಸ್ತ್ರ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಬೈಲಹೊಂಗಲದಲ್ಲೇ ನಡೆದದ್ದೆಂದು ಹೇಳಲಾಗುವ ಕಥೆಯ ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನು ಕಳದಿಂದ 70 ಮೀಟರ್ ದೂರ ಕೂತು ನೋಡಿದರೆ, ಬಾಳ್ಯಾನ ಬಾಯಿ ಆಡಿದ ಮೇಲೆ ಅವನ ಮಾತು ಕಿವಿಗೆ ತಲುಪಲು 200 ಮಿಲಿಸೆಕೆಂಡ್ ಬೇಕು. ಸಾಮಾನ್ಯ ಬ್ಲೂಟೂತ್ ಸ್ಪೀಕರಿನ ತಡವೂ ಹೆಚ್ಚುಕಡಿಮೆ ಅಷ್ಟೇ, 150ರಿಂದ 250 ಮಿಲಿಸೆಕೆಂಡ್: ಶಬ್ದವನ್ನು ಹಿಂಡಿ, ಕಳಿಸಿ, ಆ ತುದಿಯಲ್ಲಿ ಬಿಚ್ಚಿ, ನುಡಿಸುವಷ್ಟು ಹೊತ್ತು. ಶಬ್ದ ಸುಮಾರು 125 ಮಿಲಿಸೆಕೆಂಡಿಗಿಂತ ಹಿಂದೆ ಬಿದ್ದರೆ ನೋಡುಗನಿಗೆ ಗೊತ್ತಾಗುತ್ತದೆಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಗುರುತಿಸಿದೆ. ಮುಂದೆ ಬಂದರೆ 45ಕ್ಕೇ ಸಿಕ್ಕಿಬೀಳುತ್ತದೆ, ಏಕೆಂದರೆ ಲೋಕದಲ್ಲಿ ಎಲ್ಲೂ ಬಾಯಿಗಿಂತ ಮೊದಲು ಮಾತು ಬರುವುದಿಲ್ಲ. ರಾಮದುರ್ಗದ ಅತ್ತೆಯ ಮನೆಯ ಅನುಭವ ಬೇರೆ ಇರಬಹುದು.

ಫೋನಿನಲ್ಲಿ ಇದೇ ಸ್ಪೀಕರ್ ಸರಿಯಾಗಿರುತ್ತದಲ್ಲ ಎಂದು ಸೊಸೆ ಕೇಳಿದಳು. ಒಳ್ಳೆಯ ಪ್ರಶ್ನೆ. ಫೋನಿನ ವಿಡಿಯೊ ಆ್ಯಪುಗಳು ಬ್ಲೂಟೂತಿನ ತಡ ಎಷ್ಟೆಂದು ತಿಳಿದು ಚಿತ್ರವನ್ನೂ ಅಷ್ಟೇ ತಡೆಹಿಡಿಯುತ್ತವೆ. ಎಷ್ಟೋ ಟಿವಿಗಳಿಗೆ ಆ ತಾಳ್ಮೆ ಇಲ್ಲ. ಸೆಟ್ಟಿಂಗಿನಲ್ಲಿ ಶಬ್ದವನ್ನು ಇನ್ನಷ್ಟು ತಡ ಮಾಡುವ ಗುಂಡಿ ಸಾಮಾನ್ಯವಾಗಿ ಇರುತ್ತದೆ. ಹಿಂದೆ ಬಿದ್ದದ್ದನ್ನು ಮುಂದೆ ತಳ್ಳುವ ಗುಂಡಿಯನ್ನು ಯಾರು ಮಾಡಿಯಾರು?

ಒಂದರಿಂದ ಆಗದಿದ್ದರೆ ಎರಡು ಎಂಬುದು ನಮ್ಮವರ ಹಳೆಯ ಪರಿಹಾರ. ಫ್ಲಿಪ್ 6ಕ್ಕೆ ಜೋಡಿಯಾಗಿ ಅದರ ತಮ್ಮ ಫ್ಲಿಪ್ 7 ಬಂದ. ಒಂದೇ ಮನೆತನ, ಒಂದೇ ರೂಪ, ಆದರೂ ಜಾತಕ ಕೂಡಲಿಲ್ಲ. ಆರನೆಯದು ಪಾರ್ಟಿಬೂಸ್ಟ್ ಎಂಬ ಪದ್ಧತಿಯದು, ಏಳನೆಯದು ಆರಾಕಾಸ್ಟ್ ಎಂಬ ಹೊಸ ಪದ್ಧತಿಯದು. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಕೂಡಿದ್ದರೂ ಸಿನಿಮಾಕ್ಕೆ ಹೆಚ್ಚು ಲಾಭವಿರಲಿಲ್ಲ. ಟಿವಿ ಬ್ಲೂಟೂತಿನಲ್ಲಿ ಕಳಿಸುವುದು ಎಡ-ಬಲ ಎರಡೇ ದಾರಿಯ ಶಬ್ದ, ಹಿಂದಿನ ಮೂಲೆಗೆ ಬೇಕಾದ ದಾರಿ ಅದರಲ್ಲಿಲ್ಲ. ನಾಲ್ಕು ಮೂಲೆಗೆ ನಾಲ್ಕು ಇಟ್ಟರೆ ನಾಲ್ಕೂ ಅದನ್ನೇ ಹೇಳುತ್ತವೆ. ಇನ್ನು ಅಡಿಗೆಮನೆಯಲ್ಲಿ ಅವ್ವ ಎಣ್ಣೆಗಾಯಿ ಬಿಸಿ ಮಾಡಲು ಮೈಕ್ರೋವೇವ್ ಒತ್ತಿದಾಗೆಲ್ಲ ನಾಯಕ ತೊದಲಿದ. ಅದೂ ಬ್ಲೂಟೂತೂ 2.4 ಗಿಗಾಹರ್ಟ್ಸ್ ಎಂಬ ಒಂದೇ ಓಣಿಯಲ್ಲಿ ಓಡಾಡುವವು. ಪಲ್ಯ ಬಿಸಿಯಾಗಬೇಕೋ ಸಂಭಾಷಣೆ ಕೇಳಬೇಕೋ ಎಂದು ಮನೆಯವರು ಮತ ಹಾಕಿದರು. ಪಲ್ಯ ಗೆದ್ದಿತು.

14 ದಿನ ಮುಗಿಯುವ ಮುನ್ನ ಎರಡೂ ಮರಳಿದವು. ಮಗ ಹಠ ಬಿಡಲಿಲ್ಲ. ಸೋನೋಸ್‌ನ ರೋಮ್ ಮತ್ತು ಮೂವ್ ನೋಡಿದ. ಬ್ಯಾಟರಿಯವು, ಚೆಂದ ಹಾಡುವವು, ಆದರೆ ಅದೇ ಕಂಪನಿಯ ಸೌಂಡ್‌ಬಾರಿಗೆ ಹಿಂಬದಿಯ ಸ್ಪೀಕರಾಗಿ ಅವನ್ನು ಕೂಡಿಸಲು ಬರುವುದಿಲ್ಲ. ಸೋನಿಯ 2021ರ ಎಚ್‌ಟಿ-ಎ9 ನೋಡಿದ; ನಾಲ್ಕು ಸ್ಪೀಕರುಗಳೂ ವೈರ್‌ಲೆಸ್, ನಾಲ್ಕಕ್ಕೂ ಗೋಡೆಯ ಕರೆಂಟು ಬೇಕು. ‘ಹಂಗಾರ ವೈರ್‌ಲೆಸ್ ಅಂತ ಯಾಕ ಅಂತಾರ?’ ಎಂದು ಸೊಸೆ ಪ್ಲಗ್ಗು ಎಣಿಸಿದಳು. ಸಿನಿಮಾಕ್ಕೆ ಕೈಯಲ್ಲಿ ಒಯ್ಯುವ ಸ್ಪೀಕರ್ ಕೊಳ್ಳಹೊರಟವರು ಮೊದಲು ಕೇಳಬೇಕಾದ ಪ್ರಶ್ನೆ ಅದೇ: ಯಾವ ವೈರು ಹೋಯಿತು, ಯಾವುದು ಉಳಿಯಿತು?

ಕೊನೆಗೆ ನಿಂತದ್ದು ಜೆಬಿಎಲ್ ಬಾರ್ 1000ದ ಜಾತಿಯ ಸೌಂಡ್‌ಬಾರು. ಅದು ಟಿವಿಗೆ ಎಚ್‌ಡಿಎಂಐ ವೈರಿನಿಂದಲೇ ಸೇರುತ್ತದೆ, ಹಾಗಾಗಿ ತುಟಿಗೂ ಮಾತಿಗೂ ಜಗಳವಿಲ್ಲ. ಅದರ ಎರಡು ತುದಿಗಳನ್ನು ಕಿತ್ತರೆ ಅವೇ ಹಿಂಬದಿಯ ಸ್ಪೀಕರುಗಳು. ಸುಮಾರು 10 ಗಂಟೆ ಬ್ಯಾಟರಿ, ಮುಗಿದ ಮೇಲೆ ಮರಳಿ ಸಿಕ್ಕಿಸಿದರೆ ಚಾರ್ಜು. ಜೊತೆಗೆ 10 ಇಂಚಿನ ಸಬ್‌ವೂಫರ್. ಅದನ್ನು ನೋಡಿದ ಕೂಡಲೇ ಅಪ್ಪನ ಮುಖದಲ್ಲಿ ಗಣಪತಿ ಕಳಿಸುವ ದಿನದ ಕಳೆ ಬಂತು.

ಅಲ್ಲೇ ತೊಡಕು ಶುರುವಾಯಿತು. ಅಪ್ಪ ‘ಕೇಳ್ಸವಲ್ದು, ಏರ್ಸು’ ಎನ್ನುತ್ತಾನೆ, ಮಗ ಏರಿಸುತ್ತಾನೆ, ಕೆಳಗಿನ ಅಜ್ಜಿ ಬಾಗಿಲು ತಟ್ಟುತ್ತಾಳೆ, ಅಪ್ಪನಿಗೆ ಇನ್ನೂ ಕೇಳಿಸಿಲ್ಲ. ಇದರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ಥಾಯಿಯನ್ನು; ಮಾತನ್ನು ಮಾತಾಗಿಸುವ ಸ, ತ, ಕ ಮುಂತಾದ ವ್ಯಂಜನಗಳ ಮೊನೆ ಇರುವುದು ಅಲ್ಲೇ. ಗುಡುಗು, ಗುಂಡು, ನಗಾರಿ ಮಾತ್ರ ಮೊದಲಿನಂತೆಯೇ ಕೇಳುತ್ತವೆ. ಗೋಡೆ, ನೆಲಗಳ ಸ್ವಭಾವವೂ ಅಂಥದೇ: ತೆಳು ದನಿಯನ್ನು ತಡೆದು ದಪ್ಪ ದನಿಯನ್ನು ದಾಟಿಸುತ್ತವೆ. ಅಂದರೆ ವಾಲ್ಯೂಮ್ ಏರಿಸಿದಾಗ ಅಪ್ಪನಿಗೆ ಬೇಡದ್ದೆಲ್ಲ ಅಜ್ಜಿಗೆ ಹೋಗುತ್ತದೆ, ಅವನಿಗೆ ಬೇಕಾದ ಮಾತು ನಡುದಾರಿಯಲ್ಲಿ ಉಳಿಯುತ್ತದೆ. ಸಬ್‌ವೂಫರನ್ನು ಮೂಲೆಯಿಂದ ಈಚೆಗೆಳೆದು, ಅದರ ದನಿ ಅರ್ಧಕ್ಕಿಳಿಸಿ, ಮಾತಿನ ನಡುಸ್ಪೀಕರನ್ನು ಮೇಲೆತ್ತಿದಾಗ ಅಪ್ಪ ಮೊದಲ ಸಲ ಸಂಭಾಷಣೆಗೆ ನಕ್ಕ. ಸ್ಪೀಕರಿಗೆ ಕೊಟ್ಟ ರೊಕ್ಕ ವಸೂಲಾಗಿದ್ದು ಅದನ್ನು ತಗ್ಗಿಸಿದಾಗ. ಅಂಗಡಿಯವರು ವಾಟಿನ ಲೆಕ್ಕ ಹೇಳುತ್ತಾರೆಯೇ ಹೊರತು ಇದನ್ನು ಹೇಳುವುದಿಲ್ಲ.

ಅವ್ವನ ಸರದಿ ಬಂತು. ಕಿತ್ತೂರಿನ ಮಗಳು ಬೇರೇನು ಕೇಳಿಯಾಳು? ಬಿ.ಆರ್. ಪಂತುಲು ಅವರ 1961ರ ‘ಕಿತ್ತೂರು ಚೆನ್ನಮ್ಮ’, ಚೆನ್ನಮ್ಮನಾಗಿ ಬಿ. ಸರೋಜಾದೇವಿ, ಮಲ್ಲಸರ್ಜನಾಗಿ ರಾಜ್‌ಕುಮಾರ್. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಸತ್ತ ಯುದ್ಧ ಈಗ ನಾಲ್ಕು ಮೂಲೆಯಿಂದಲೂ ಕೇಳಬೇಕೆಂದು ಮಗ ತುದಿಗಳನ್ನು ಕಿತ್ತು ಸೋಫಾದ ಹಿಂದೆ ಇಟ್ಟ. ಯುದ್ಧವೆಲ್ಲ ನಡುಸ್ಪೀಕರಿನಲ್ಲೇ ನಡೆಯಿತು. ಆ ಕಾಲದ ಕನ್ನಡ ಚಿತ್ರಗಳ ಶಬ್ದ ಒಂದೇ ದಾರಿಯದು, ಹಿಂದಿನವಕ್ಕೆ ಕೆಲಸವಿಲ್ಲ. ಮಗನ ಮುಖ ಸಪ್ಪಗಾಯಿತು. ಅವ್ವನಿಗೆ ಒಂದೊಂದು ಮಾತೂ ಕೇಳಿಸಿತು, ಆಕೆ ಎರಡು ಸಲ ಕಣ್ಣೊರೆಸಿಕೊಂಡಳು, ನಡುವೆ ಬೈಲಹೊಂಗಲದವರ ಕಡೆ ತಿರುಗಿ ‘ಕೋಟಿ ನಮ್ಮೂರಾಗ, ನಿಮ್ಮೂರಾಗ ಬರೇ ಸಮಾಧಿ’ ಎಂದಳು. 1829ರಲ್ಲಿ ಚೆನ್ನಮ್ಮ ತೀರಿಕೊಂಡದ್ದು ಬೈಲಹೊಂಗಲದ ಸೆರೆಯಲ್ಲಿ. ಅಪ್ಪ ರಿಮೋಟು ಹುಡುಕಿದ.

ಸೊಸೆಯ ಪರೀಕ್ಷೆ ಚಿಕ್ಕದು, ಚುರುಕು. ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡದಲ್ಲಿ ಕೇಳಿ ಬೆಳೆದ ಚೌಡಿಕೆಯ ಪದವೊಂದನ್ನು ಹಚ್ಚಿದಳು. ಚೌಡಿಕೆಗೆ ಒಂದೇ ತಂತಿ, ಅದು ಜಗ್ಗಿದಂತೆ ದನಿ ಜಾರುತ್ತದೆ. ಆ ಜಾರು ಟಿವಿಯ ಸ್ವಂತ ಸ್ಪೀಕರಿನಲ್ಲಿ ಬರೀ ‘ಟಿಂಗ್’ ಆಗಿತ್ತು. ಈಗ ತುಂಬಿಕೊಂಡು ಬಂತು. ‘ಇರಲಿ’ ಎಂದಳು. ಆ ಮನೆಯಲ್ಲಿ ತೀರ್ಪೆಂದರೆ ಅದೇ.

ಇತ್ತೀಚಿನ ಕೆಲವು ಮಾದರಿಗಳಲ್ಲಿ ರಾತ್ರಿಗೆಂದೇ ಒಂದು ಏರ್ಪಾಡಿದೆ: ಬಾರು, ಸಬ್‌ವೂಫರು ಎರಡೂ ಬಾಯಿ ಮುಚ್ಚುತ್ತವೆ, ಇಡೀ ಸಿನಿಮಾ ಕಿತ್ತ ತುದಿಗಳಲ್ಲಷ್ಟೇ ನುಡಿಯುತ್ತದೆ. ಹತ್ತು ಹೊಡೆದ ಮೇಲೆ ಅಪ್ಪ ಒಂದನ್ನು ತನ್ನ ಕುರ್ಚಿಯ ಕೈಗೇ ಒರಗಿಸಿಕೊಳ್ಳತೊಡಗಿದ. ಸ್ಪೀಕರ್ ಹತ್ತಿರ ಬಂದರೆ ದನಿ ಏರಿಸಬೇಕಿಲ್ಲ. ಅಜ್ಜಿ ನಿದ್ದೆ ಮಾಡಿದಳು. ಮೆಟ್ಟಿಲಲ್ಲಿ ಸಿಕ್ಕಾಗ ಗುಟೆನ್ ಮೊರ್ಗನ್ ಎನ್ನುವಷ್ಟು ಮಟ್ಟಿಗೆ ಸಂಬಂಧ ಸುಧಾರಿಸಿತು.

ಇದನ್ನು ನೋಡಿದ ರಾಮದುರ್ಗದ ಅತ್ತೆ ಮರುದಿನ ಮಧ್ಯಾಹ್ನ, ಯಾರನ್ನೂ ಕೇಳದೆ, ಇನ್ನೊಂದು ತುದಿಯನ್ನು ಕಿತ್ತು ಅಡಿಗೆಮನೆಗೆ ಒಯ್ದಳು. ರೊಟ್ಟಿ ಬಡಿಯುತ್ತ ಸಿನಿಮಾ ಕೇಳಬಹುದಲ್ಲ. ಹಗಲು ಬಾರು ತನ್ನ ಕೆಲಸ ತಾನು ಮಾಡುತ್ತಿತ್ತು: ಮಾತೆಲ್ಲ ಮುಂದೆ, ಹಿಂದಿನ ತುದಿಗಳಿಗೆ ಮಳೆ, ಗಾಳಿ, ಜನಜಂಗುಳಿ. ಸೋಫಾದವರಿಗೆ ಎಡಗಡೆ ಕಾಡು ಕೇಳುತ್ತಿತ್ತು, ಬಲಗಡೆ ಏನೂ ಇಲ್ಲ. ಮಗ ಸೆಟ್ಟಿಂಗಿನೊಳಗೆ ಇಳಿದು ಹುಡುಕತೊಡಗಿದ.

ಸಿನಿಮಾ ಮುಗಿದ ಮೇಲೆ ಸೊಸೆ ತಾಯಿಯನ್ನು ಕೇಳಿದಳು, ‘ಹೆಂಗಿತ್ತಬೇ ಪಿಚ್ಚರ್?’

‘ಏನ ಪಿಚ್ಚರೋ. ಬರೇ ಮಳಿ ಹೊಡೀತು, ನಾಯಿ ಬೊಗಳಿತು, ಮಂದಿ ಓಡ್ಯಾಡಿದ್ರು. ಒಬ್ಬರರ ಮಾತಾಡಬೇಕಲ್ಲ?’